ಎಣಿಸಿದ್ದು ದಾಖಲೆ, ಮತ ಹಾಕಿದ್ದು ಗೌರವ: ವಾರಿಯರ್ಸ್ ತಂಡದ ಅಂಕಿಅಂಶಗಳನ್ನು ಓದುವುದು ಹೇಗೆ?

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಬಾಸ್ಕೆಟ್‌ಬಾಲ್ ಫೈನಲ್ ನೋಡಿದವರಿಗೆ ಸ್ಟೀಫನ್ ಕರ್ರಿ ಹೊಸಬರಲ್ಲ. ಫ್ರಾನ್ಸ್ ವಿರುದ್ಧ ಅಮೆರಿಕ 98–87ರಿಂದ ಗೆದ್ದ ಆ ಪಂದ್ಯದಲ್ಲಿ ಅವರು ದೂರದಿಂದಲೇ ಎಂಟು ಬಾರಿ ಚೆಂಡನ್ನು ಬುಟ್ಟಿಗಿಳಿಸಿ 24 ಅಂಕ ಗಳಿಸಿದರು. ಏಳು ತಿಂಗಳ ನಂತರ, 2025ರ ಮಾರ್ಚ್ 13ರಂದು, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ 4,000 ಮೂರಂಕದ ಬುಟ್ಟಿ ಹಾಕಿದ ಮೊದಲ ಆಟಗಾರ ಎಂಬ ಸುದ್ದಿ ಬಂತು. ಕ್ರಿಕೆಟ್‌ನ ಸರಾಸರಿ, ಸ್ಟ್ರೈಕ್ ರೇಟ್‌ಗಳನ್ನು ಸಲೀಸಾಗಿ ಹೇಳುವ ನಮ್ಮ ಓದುಗರಿಗೂ ಆ ಸುದ್ದಿಯ ಸುತ್ತಲಿನ ಮಾತುಗಳು ಅಷ್ಟಾಗಿ ಹತ್ತಿರವಲ್ಲ. ಟ್ರಿಪಲ್ ಡಬಲ್ ಅಂದರೆ ಏನು? ಎಂವಿಪಿಯನ್ನು ಯಾರು ಆರಿಸುತ್ತಾರೆ? 4,000 ಎಂಬುದು ಯಾವ ಪಂದ್ಯಗಳ ಲೆಕ್ಕ?

ಕರ್ರಿ ಆಡುವ ಗೋಲ್ಡನ್ ಸ್ಟೇಟ್ ವಾರಿಯರ್ಸ್, ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆಗಳಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೆ ಊರಿನ ತಂಡವೇ. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಇಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಮೊಬೈಲಿನಲ್ಲಿ ಕಾಣುತ್ತದೆ. ಆದರೆ ಈ ಬರಹಕ್ಕೆ ಅದೇ ತಂಡವನ್ನು ಆರಿಸಿಕೊಂಡದ್ದಕ್ಕೆ ಬೇರೆ ಕಾರಣವಿದೆ. ಬಾಸ್ಕೆಟ್‌ಬಾಲ್ ದಾಖಲೆಗಳನ್ನು ಓದುವಾಗ ಎದುರಾಗುವ ಸಿಕ್ಕುಗಳಲ್ಲಿ ಹೆಚ್ಚಿನವು ಈ ಒಂದೇ ತಂಡದ ಚರಿತ್ರೆಯಲ್ಲಿ ಸಿಗುತ್ತವೆ.

ಮೊದಲು ಸ್ಕೋರ್‌ಶೀಟ್

ಎನ್‌ಬಿಎ ಪಂದ್ಯ 48 ನಿಮಿಷಗಳದ್ದು, 12 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳು. ಅಂಕಣದಲ್ಲಿ ಒಂದು ಸಲಕ್ಕೆ ಪ್ರತಿ ತಂಡದ ಐವರು. ಹತ್ತು ಅಡಿ ಎತ್ತರದ ಬುಟ್ಟಿಗೆ ಚೆಂಡು ಹಾಕಿದರೆ ಎರಡು ಅಂಕ. ಬುಟ್ಟಿಯಿಂದ 23 ಅಡಿ 9 ಇಂಚು ದೂರದಲ್ಲಿ (ಮೂಲೆಗಳಲ್ಲಿ 22 ಅಡಿ) ಎಳೆದ ಕಮಾನು ಗೆರೆಯ ಆಚೆಯಿಂದ ಹಾಕಿದರೆ ಮೂರು. ಎದುರಾಳಿ ತಪ್ಪು ಮಾಡಿದ್ದಕ್ಕೆ ಸಿಗುವ ಫ್ರೀ ಥ್ರೋ ಒಂದೊಂದಕ್ಕೂ ಒಂದು ಅಂಕ.

ಅಂಕದ ಪಕ್ಕದಲ್ಲಿ ಇನ್ನೂ ನಾಲ್ಕು ಕಾಲಂಗಳಿರುತ್ತವೆ. ಗುರಿ ತಪ್ಪಿ ಪುಟಿದು ಬಂದ ಚೆಂಡನ್ನು ಹಿಡಿದರೆ ರೀಬೌಂಡ್. ಜೊತೆಗಾರ ನೇರವಾಗಿ ಬುಟ್ಟಿಗೆ ಹಾಕುವಂತೆ ಚೆಂಡು ದಾಟಿಸಿದರೆ ಅಸಿಸ್ಟ್. ಎದುರಾಳಿಯ ಕೈಯಿಂದ ಚೆಂಡು ಕಸಿದರೆ ಸ್ಟೀಲ್. ಅವನು ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದರೆ ಬ್ಲಾಕ್. ಈ ಐದರಲ್ಲಿ ಯಾವುದಾದರೂ ಮೂರು ಕಾಲಂಗಳಲ್ಲಿ ಒಂದೇ ಪಂದ್ಯದಲ್ಲಿ ಹತ್ತು ಅಥವಾ ಹೆಚ್ಚು ಬಂದರೆ ಅದು ಟ್ರಿಪಲ್ ಡಬಲ್.

ಸಾಮಾನ್ಯವಾಗಿ ಆ ಮೂರರಲ್ಲಿ ಅಂಕ ಒಂದಾಗಿರುತ್ತದೆ. ನಿಯಮ ಹಾಗೆ ಹೇಳುವುದಿಲ್ಲ ಅಷ್ಟೆ. 2017ರ ಫೆಬ್ರವರಿ 10ರಂದು ಮೆಂಫಿಸ್‌ನಲ್ಲಿ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಗಳಿಸಿದ್ದು ನಾಲ್ಕೇ ಅಂಕ. ಆದರೆ 12 ರೀಬೌಂಡ್, 10 ಅಸಿಸ್ಟ್, 10 ಸ್ಟೀಲ್. ಅಂಕ ಎರಡಂಕಿ ಮುಟ್ಟದೆ ಟ್ರಿಪಲ್ ಡಬಲ್ ಆದದ್ದು ಎನ್‌ಬಿಎ ಚರಿತ್ರೆಯಲ್ಲಿ ಅದೇ ಮೊದಲು. ಆ ಸೀಸನ್ನಿನ ಕೊನೆಗೆ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು.

ಇನ್ನೊಂದು ಮೂಲ ಸಂಗತಿ. ಲೀಗ್ ಹಂತದಲ್ಲಿ ಪ್ರತಿ ತಂಡ 82 ಪಂದ್ಯ ಆಡುತ್ತದೆ. ನಂತರದ ನಾಕೌಟ್ ಹಂತವೇ ಪ್ಲೇಆಫ್, ಅಲ್ಲಿ ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ. ನಾಲ್ಕು ಗೆದ್ದವರು ಮುಂದಕ್ಕೆ. ಎರಡೂ ಹಂತಗಳ ಲೆಕ್ಕವನ್ನು ಬೇರೆ ಬೇರೆ ಪುಸ್ತಕದಲ್ಲಿ ಇಡುತ್ತಾರೆ, ಕೂಡಿಸುವುದಿಲ್ಲ. ಕರ್ರಿಯ 4,000 ಲೀಗ್ ಹಂತದ ಸಂಖ್ಯೆ ಮಾತ್ರ. ಪ್ಲೇಆಫ್‌ಗಳಲ್ಲಿ ಅವರು ಹಾಕಿದ 600ಕ್ಕೂ ಹೆಚ್ಚು ಮೂರಂಕದ ಬುಟ್ಟಿಗಳು ಅದರಲ್ಲಿ ಸೇರಿಲ್ಲ.

ಊರು ಬದಲಾದರೂ ಲೆಕ್ಕ ಒಂದೇ

‘ತಂಡದ ದಾಖಲೆ’ ಅಂದಾಗ ಯಾವ ತಂಡ ಎಂಬ ಪ್ರಶ್ನೆಯೂ ಸಣ್ಣದಲ್ಲ. ವಾರಿಯರ್ಸ್ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಪೂರ್ವ ತೀರದ ಫಿಲಡೆಲ್ಫಿಯಾದಲ್ಲಿ. 1962ರಲ್ಲಿ ದೇಶದ ಇನ್ನೊಂದು ತುದಿಯ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. 1971ರಲ್ಲಿ ಕೊಲ್ಲಿಯಾಚೆಯ ಓಕ್ಲೆಂಡ್ ಮನೆಯಾಯಿತು, ಹೆಸರು ಗೋಲ್ಡನ್ ಸ್ಟೇಟ್ ಆಯಿತು. 2019ರಲ್ಲಿ ಮತ್ತೆ ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್.

ಅಮೆರಿಕದಲ್ಲಿ ತಂಡ ಎಂದರೆ ಊರಲ್ಲ, ಫ್ರಾಂಚೈಸಿ. ಮಾಲೀಕತ್ವದ ಸರಪಳಿ ಕಡಿಯದಿದ್ದರೆ ದಾಖಲೆಗಳೂ ಜೊತೆಯಲ್ಲೇ ಬರುತ್ತವೆ. ಹಾಗಾಗಿ 1947 ಮತ್ತು 1956ರಲ್ಲಿ ಫಿಲಡೆಲ್ಫಿಯಾ ಗೆದ್ದ ಪ್ರಶಸ್ತಿಗಳೂ 1975, 2015, 2017, 2018, 2022ರ ಪ್ರಶಸ್ತಿಗಳೂ ಒಂದೇ ಖಾತೆಗೆ ಸೇರಿ ಏಳಾಗುತ್ತವೆ. ಫಿಲಡೆಲ್ಫಿಯಾದಲ್ಲಿ ಈಗಿರುವ ಸೆವೆಂಟಿಸಿಕ್ಸರ್ಸ್ ತಂಡ 1963ರಲ್ಲಿ ಸಿರಾಕ್ಯೂಸ್‌ನಿಂದ ಬಂದದ್ದು. ವಾರಿಯರ್ಸ್‌ನ ಹಳೆಯ ದಾಖಲೆಗಳ ಮೇಲೆ ಅದಕ್ಕೆ ಹಕ್ಕಿಲ್ಲ.

ಆಟಗಾರನೊಬ್ಬನ ಒಟ್ಟು ಲೆಕ್ಕಕ್ಕೂ ತಂಡದ ಪುಸ್ತಕದಲ್ಲಿರುವ ಅವನ ಲೆಕ್ಕಕ್ಕೂ ವ್ಯತ್ಯಾಸ ಬರುವುದು ಇದರಿಂದಲೇ. ವಿಲ್ಟ್ ಚೇಂಬರ್ಲೇನ್ ವೃತ್ತಿಜೀವನದಲ್ಲಿ ಒಟ್ಟು 31,419 ಅಂಕ ಗಳಿಸಿದರು. ವಾರಿಯರ್ಸ್ ಅಂಗಿಯಲ್ಲಿ ಗಳಿಸಿದ್ದು 17,783. ಉಳಿದದ್ದು ಸೆವೆಂಟಿಸಿಕ್ಸರ್ಸ್ ಮತ್ತು ಲೇಕರ್ಸ್ ತಂಡಗಳ ಪಾಲು. 2021ರ ಏಪ್ರಿಲ್ 12ರಂದು ಡೆನ್ವರ್ ವಿರುದ್ಧ 53 ಅಂಕ ಗಳಿಸಿ ಕರ್ರಿ ದಾಟಿದ್ದು ಆ 17,783ನ್ನು. ‘ಚೇಂಬರ್ಲೇನ್ ದಾಖಲೆ ಮುರಿದ ಕರ್ರಿ’ ಎಂಬ ಶೀರ್ಷಿಕೆ ಸರಿಯೇ, ಯಾವ ದಾಖಲೆ ಎಂಬುದನ್ನು ಕೆಳಗೆ ಓದಬೇಕು.

1962: ಸರಾಸರಿ 50.4, ಆದರೂ ಎಂವಿಪಿ ಅಲ್ಲ

ಅಂಕಿಅಂಶ ಮತ್ತು ಗೌರವ ಎರಡೂ ಒಂದೇ ಮಾತು ಹೇಳಬೇಕಿಲ್ಲ ಎಂದು ತಿಳಿಯಲು ಒಂದೇ ಒಂದು ಸೀಸನ್ ನೋಡಬೇಕೆಂದರೆ 1961–62 ಸಾಕು.

ಆ ವರ್ಷ ಫಿಲಡೆಲ್ಫಿಯಾ ವಾರಿಯರ್ಸ್‌ಗಾಗಿ ಚೇಂಬರ್ಲೇನ್ 80 ಪಂದ್ಯಗಳಲ್ಲಿ 4,029 ಅಂಕ ಗಳಿಸಿದರು. ಪಂದ್ಯಕ್ಕೆ ಸರಾಸರಿ 50.4. ರೀಬೌಂಡ್ ಪಂದ್ಯಕ್ಕೆ 25.7. ಅಂಕಣದಲ್ಲಿ ಕಳೆದ ಸಮಯ ಪಂದ್ಯಕ್ಕೆ 48.5 ನಿಮಿಷ. ಪಂದ್ಯವೇ 48 ನಿಮಿಷದ್ದಾಗಿರುವಾಗ ಇದು ಹೇಗೆ? ಸಮಬಲವಾದಾಗ ಆಡಿಸುವ ಹೆಚ್ಚುವರಿ ಅವಧಿಗಳನ್ನೂ ಸೇರಿಸಿದ ಲೆಕ್ಕವದು. ಒಂದು ಪಂದ್ಯದಲ್ಲಿ ಅಂಪೈರ್ ಜೊತೆಗಿನ ವಾಗ್ವಾದಕ್ಕೆ ಹೊರಹಾಕಲ್ಪಟ್ಟಾಗಿನ ಎಂಟು ಚಿಲ್ಲರೆ ನಿಮಿಷ ಬಿಟ್ಟರೆ, ಇಡೀ ವರ್ಷ ಅವರು ಬೆಂಚಿನ ಮೇಲೆ ಕೂರಲೇ ಇಲ್ಲ.

1962ರ ಮಾರ್ಚ್ 2ರ ರಾತ್ರಿ, ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಚಾಕೊಲೇಟ್ ಕಾರ್ಖಾನೆಯ ಊರಲ್ಲಿ, ನ್ಯೂಯಾರ್ಕ್ ನಿಕ್ಸ್ ವಿರುದ್ಧ ಅವರೊಬ್ಬರೇ 100 ಅಂಕ ಗಳಿಸಿದರು. 63 ಬಾರಿ ಎಸೆದು 36 ಬಾರಿ ಬುಟ್ಟಿಗೆ. ಫ್ರೀ ಥ್ರೋಗಳಲ್ಲಿ 32ಕ್ಕೆ 28. ತಂಡ 169–147ರಿಂದ ಗೆದ್ದಿತು. ಫ್ರೀ ಥ್ರೋ ಚೇಂಬರ್ಲೇನ್‌ಗೆ ಎಂದೂ ಒಲಿದದ್ದಲ್ಲ. ಆ ವರ್ಷ ಅವರು ಎರಡೂ ಕೈಗಳಿಂದ ಸೊಂಟದ ಕೆಳಗಿನಿಂದ ಎತ್ತಿ ಎಸೆಯುತ್ತಿದ್ದರು, ಹಾಗೆ ಎಸೆದರೂ ನೂರಕ್ಕೆ 61ರಷ್ಟು ಮಾತ್ರ ಬೀಳುತ್ತಿದ್ದವು. ಅಂಥವರಿಗೆ ಆ ರಾತ್ರಿ 28 ಬಿದ್ದದ್ದು 36 ಬುಟ್ಟಿಗಳಿಗಿಂತ ದೊಡ್ಡ ಅಚ್ಚರಿ ಎಂದು ನನಗನಿಸುತ್ತದೆ. ಇದನ್ನು ನೋಡಿದವರು 4,124 ಮಂದಿ. ಟಿವಿ ಪ್ರಸಾರ ಇರಲಿಲ್ಲ, ಪಂದ್ಯದ ಚಲನಚಿತ್ರವೂ ಇಲ್ಲ. ಎಲ್ಲರೂ ಬಲ್ಲ ಆ ಫೋಟೊದಲ್ಲಿ ಚೇಂಬರ್ಲೇನ್ ಕೈಯಲ್ಲಿರುವ ‘100’ ಎಂಬ ಚೀಟಿ, ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಹಾರ್ವಿ ಪೊಲಾಕ್ ಆ ಗಳಿಗೆಯಲ್ಲಿ ಕಾಗದದ ಮೇಲೆ ಗೀಚಿಕೊಟ್ಟದ್ದು. ದಾಖಲೆಗೆ ಆಧಾರ ಸ್ಕೋರ್‌ಶೀಟ್ ಮತ್ತು ರೇಡಿಯೊ ಧ್ವನಿಮುದ್ರಣದ ಉಳಿದ ಭಾಗ.

ಇಷ್ಟಾದರೂ ಆ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತಿ ಮೌಲ್ಯಯುತ ಆಟಗಾರ, ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್.

ಕಾರಣ ಮತದಾರರಲ್ಲಿದೆ. 1980ರವರೆಗೆ ಎಂವಿಪಿಯನ್ನು ಆರಿಸುತ್ತಿದ್ದವರು ಆಟಗಾರರೇ. ರಸೆಲ್ ಅಂಕ ಗಳಿಕೆಯಲ್ಲಿ ಚೇಂಬರ್ಲೇನ್ ಹತ್ತಿರಕ್ಕೂ ಬರುವವರಲ್ಲ. ಆದರೆ ಅವರ ಎದುರು ಬುಟ್ಟಿಯ ಬಳಿ ಹೋಗುವುದು ಎಷ್ಟು ಕಷ್ಟ ಎಂಬುದು ದಿನವೂ ಆಡುತ್ತಿದ್ದವರಿಗೆ ಗೊತ್ತಿತ್ತು. ಸೆಲ್ಟಿಕ್ಸ್ ಆ ಸೀಸನ್‌ನಲ್ಲಿ 60 ಪಂದ್ಯ ಗೆದ್ದಿತ್ತು, ವಾರಿಯರ್ಸ್ 49. ಅದೇ ವರ್ಷ ಪತ್ರಕರ್ತರು ಮತ ಹಾಕಿ ಆರಿಸಿದ, ವರ್ಷದ ಅತ್ಯುತ್ತಮರ ‘ಆಲ್ ಎನ್‌ಬಿಎ’ ಮೊದಲ ತಂಡದಲ್ಲಿ ಸೆಂಟರ್ (ಬುಟ್ಟಿಯ ಬಳಿ ಆಡುವವನ) ಸ್ಥಾನ ಸಿಕ್ಕಿದ್ದು ಚೇಂಬರ್ಲೇನ್‌ಗೆ. ರಸೆಲ್ ಎರಡನೇ ತಂಡದಲ್ಲಿ. ಒಂದೇ ಸೀಸನ್, ಒಂದೇ ಜಾಗದಲ್ಲಿ ಆಡುವ ಇಬ್ಬರು. ಆಟಗಾರರ ಪ್ರಕಾರ ರಸೆಲ್ ಇಡೀ ಲೀಗ್‌ಗೇ ಅತ್ಯಮೂಲ್ಯ, ಪತ್ರಕರ್ತರ ಪ್ರಕಾರ ಅವರು ತಮ್ಮ ಸ್ಥಾನದಲ್ಲೂ ಎರಡನೆಯವರು. ಇಬ್ಬರೂ ತಪ್ಪಿರಲಿಲ್ಲ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು. ಪ್ಲೇಆಫ್‌ನಲ್ಲಿ ಎರಡೂ ತಂಡಗಳು ಎದುರಾದವು. ಏಳನೇ ಪಂದ್ಯದ ಕೊನೆಯ ಕ್ಷಣಗಳಲ್ಲಿ ಸ್ಯಾಮ್ ಜೋನ್ಸ್ ಹಾಕಿದ ಬುಟ್ಟಿಯಿಂದ ಸೆಲ್ಟಿಕ್ಸ್ 109–107ರಿಂದ ಗೆದ್ದಿತು.

ಹಳೆಯ ಸಂಖ್ಯೆ ಯಾಕೆ ಅಷ್ಟು ದೊಡ್ಡದು?

ಪಂದ್ಯಕ್ಕೆ 25 ರೀಬೌಂಡ್ ಎಂದರೆ ಇಂದಿನ ನೋಡುಗರಿಗೆ ನಂಬಿಕೆ ಬರುವುದು ಕಷ್ಟ. ಈಗ 13–14 ಇದ್ದರೆ ಅವನು ಲೀಗ್‌ನ ಮೊದಲಿಗನಾಗುವುದುಂಟು. ಹಿಂದಿನವರು ಎರಡು ಪಟ್ಟು ಬಲಶಾಲಿಗಳಾಗಿದ್ದರೇ?

ಲೆಕ್ಕ ಇಲ್ಲಿದೆ. ಚೆಂಡು ಒಂದು ತಂಡದ ಕೈಗೆ ಬಂದಾಗಿನಿಂದ ಅದು ಕೈಬಿಡುವವರೆಗೆ ಒಂದು ಸರದಿ ಎನ್ನೋಣ. ಸಮಯ ಅಷ್ಟೇ ಇದ್ದರೂ, ತಂಡಗಳು ಎಷ್ಟು ಬೇಗ ಎಸೆಯುತ್ತವೆ ಎಂಬುದರ ಮೇಲೆ ಸರದಿಗಳ ಸಂಖ್ಯೆ ಏರಿಳಿಯುತ್ತದೆ. 1961–62ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 107 ಬಾರಿ ಬುಟ್ಟಿಗೆ ಎಸೆಯುತ್ತಿತ್ತು. ಈಗ ಅದು 90ರ ಆಸುಪಾಸು. ಆಗ ನೂರಕ್ಕೆ 43ರಷ್ಟೂ ಗುರಿ ಸೇರುತ್ತಿರಲಿಲ್ಲ; ಈಗ 47ರಷ್ಟು ಸೇರುತ್ತವೆ. ಎಸೆತವೂ ಹೆಚ್ಚು, ತಪ್ಪುವುದೂ ಹೆಚ್ಚು ಎಂದರೆ ಪುಟಿದು ಬರುವ ಚೆಂಡುಗಳೂ ಹೆಚ್ಚು. ಆಗ ಪ್ರತಿ ತಂಡಕ್ಕೆ ಪಂದ್ಯವೊಂದಕ್ಕೆ ಸಿಗುತ್ತಿದ್ದ ರೀಬೌಂಡ್ 70ಕ್ಕೂ ಮೇಲೆ, ಈಗ ಸುಮಾರು 44.

50 ಓವರ್‌ಗಳ ಪಂದ್ಯದ ರನ್ನುಗಳನ್ನು 20 ಓವರ್‌ಗಳ ಪಂದ್ಯದ ರನ್ನುಗಳ ಪಕ್ಕ ಇಟ್ಟು ಯಾರು ದೊಡ್ಡವರೆಂದು ನಾವು ಹೇಳುವುದಿಲ್ಲವಲ್ಲ, ಇದೂ ಹಾಗೆಯೇ. ಅದಕ್ಕಾಗಿ ಈಗ ವಿಶ್ಲೇಷಕರು ಪಂದ್ಯಕ್ಕೆ ಎಷ್ಟು ಎಂದು ನೋಡುವ ಜೊತೆಗೆ ನೂರು ಸರದಿಗಳಿಗೆ ಎಷ್ಟು ಎಂದೂ ನೋಡುತ್ತಾರೆ. ತಂಡಗಳ ಆಕ್ರಮಣ, ರಕ್ಷಣೆಗಳನ್ನು ಅಳೆಯುವ ‘ರೇಟಿಂಗ್’ಗಳು ಈ ನೂರರ ಲೆಕ್ಕದವೇ: ನೂರು ಸರದಿಯಲ್ಲಿ ತಂಡ ಗಳಿಸಿದ್ದೆಷ್ಟು, ಬಿಟ್ಟುಕೊಟ್ಟದ್ದೆಷ್ಟು.

ಇಷ್ಟು ತೂಗಿ ನೋಡಿದ ಮೇಲೂ ಚೇಂಬರ್ಲೇನ್ ಕುಗ್ಗುವುದಿಲ್ಲ. ಅದೇ ವೇಗದ ಲೀಗ್‌ನಲ್ಲಿ ಆಡಿದ ಬೇರೆ ಯಾರೂ 50ರ ಸರಾಸರಿ ಮುಟ್ಟಲಿಲ್ಲ. ಕಾಲದ ಅನುಕೂಲ ಎಲ್ಲರಿಗೂ ಇತ್ತು, ಅದನ್ನು ಅಷ್ಟು ದೂರ ಎಳೆದೊಯ್ದವರು ಒಬ್ಬರೇ.

ಎಣಿಸದೆ ಬಿಟ್ಟದ್ದು

ವಾರಿಯರ್ಸ್‌ನ ಅಧಿಕೃತ ಪಟ್ಟಿಯಲ್ಲಿ ಅತಿ ಹೆಚ್ಚು ಬ್ಲಾಕ್ ಮಾಡಿದವರು ಯಾರೆಂದು ನೋಡಿದರೆ ಅಡೋನಲ್ ಫಾಯ್ಲ್ ಎಂದಿದೆ. 1997ರಿಂದ 2007ರವರೆಗೆ ಆಡಿದ ಕಷ್ಟಜೀವಿ ಆಟಗಾರ, 1,140 ಬ್ಲಾಕ್. ಏಳಡಿಯ ಚೇಂಬರ್ಲೇನ್ ಆ ಪಟ್ಟಿಯಲ್ಲಿ ಎಷ್ಟನೆಯವರು? ಎಲ್ಲೂ ಇಲ್ಲ. ಸೊನ್ನೆ ಕೂಡ ಅಲ್ಲ, ಕಾಲಂ ಖಾಲಿ.

ಬ್ಲಾಕ್ ಮತ್ತು ಸ್ಟೀಲ್‌ಗಳನ್ನು ಎನ್‌ಬಿಎ ಅಧಿಕೃತವಾಗಿ ಎಣಿಸಲು ಶುರು ಮಾಡಿದ್ದು 1973–74ರ ಸೀಸನ್‌ನಿಂದ. ಚೇಂಬರ್ಲೇನ್ ಅದಕ್ಕೆ ಕೆಲವೇ ತಿಂಗಳ ಮೊದಲು ಎನ್‌ಬಿಎ ಬಿಟ್ಟಿದ್ದರು. ರಸೆಲ್ 1969ರಲ್ಲೇ ನಿವೃತ್ತರಾಗಿದ್ದರು. ಚರಿತ್ರೆಯ ಇಬ್ಬರು ದೈತ್ಯ ರಕ್ಷಕರ ಹೆಸರಿನ ಮುಂದೆ ಬ್ಲಾಕ್ ಲೆಕ್ಕವೇ ಇಲ್ಲ ಎಂಬುದು ಬಾಸ್ಕೆಟ್‌ಬಾಲ್ ಚರಿತ್ರೆಯ ದೊಡ್ಡ ನಷ್ಟ, ಅದನ್ನು ತುಂಬಿಕೊಡುವ ದಾರಿಯೂ ಇಲ್ಲ.

ಇದರ ನೋವು ಹೆಚ್ಚು ತಟ್ಟಿದ್ದು ನೇಟ್ ಥರ್ಮಂಡ್ ಅವರಿಗೆ. 1963ರಿಂದ ಹನ್ನೊಂದು ಸೀಸನ್ ವಾರಿಯರ್ಸ್‌ಗೆ ಆಡಿದ ಈ ಸೆಂಟರ್ 1965ರಲ್ಲಿ ಒಂದೇ ಕ್ವಾರ್ಟರ್‌ನಲ್ಲಿ 18 ರೀಬೌಂಡ್ ಹಿಡಿದವರು, ತಂಡದ ಒಟ್ಟು ರೀಬೌಂಡ್ ಪಟ್ಟಿಯಲ್ಲಿ 12,771ರೊಂದಿಗೆ ಇಂದಿಗೂ ಮೊದಲಿಗರು. ರಕ್ಷಣೆಯೇ ಅವರ ಶಕ್ತಿ. ಆದರೆ ವಾರಿಯರ್ಸ್‌ನಲ್ಲಿ ಅವರ ಕೊನೆಯ ಒಂದು ವರ್ಷದ ಬ್ಲಾಕ್‌ಗಳು ಮಾತ್ರ ಲೆಕ್ಕಕ್ಕೆ ಸಿಕ್ಕವು. 1974ರ ಅಕ್ಟೋಬರ್‌ನಲ್ಲಿ ಶಿಕಾಗೋ ಬುಲ್ಸ್‌ಗೆ ಆಡಿದ ಮೊದಲ ಪಂದ್ಯದಲ್ಲೇ 22 ಅಂಕ, 14 ರೀಬೌಂಡ್, 13 ಅಸಿಸ್ಟ್, 12 ಬ್ಲಾಕ್ ಬಂದವು. ಎನ್‌ಬಿಎ ದಾಖಲಿಸಿದ ಮೊದಲ ಕ್ವಾಡ್ರುಪಲ್ ಡಬಲ್, ಅಂದರೆ ನಾಲ್ಕು ಕಾಲಂಗಳಲ್ಲಿ ಎರಡಂಕಿ, ಅದು. ‘ದಾಖಲಿಸಿದ’ ಎಂಬ ಪದವನ್ನು ಬಿಟ್ಟು ಬರೆದರೆ ಸುಳ್ಳಾಗಬಹುದು: ಬ್ಲಾಕ್ ಎಣಿಸದ ಕಾಲದಲ್ಲಿ ರಸೆಲ್, ಚೇಂಬರ್ಲೇನ್ ಎಷ್ಟು ಸಲ ಹಾಗೆ ಮಾಡಿದ್ದರೋ ಪುಸ್ತಕಕ್ಕೆ ಗೊತ್ತಿಲ್ಲ.

ಮೂರಂಕದ ಗೆರೆ ಎನ್‌ಬಿಎಗೆ ಬಂದದ್ದು 1979–80ರಲ್ಲಿ. 1966–67ರಲ್ಲಿ ಪಂದ್ಯಕ್ಕೆ 35.6 ಸರಾಸರಿಯಲ್ಲಿ ಲೀಗ್‌ನ ಅತಿ ಹೆಚ್ಚು ಅಂಕ ಗಳಿಸಿದ, 1975ರ ಪ್ರಶಸ್ತಿ ಗೆಲ್ಲಿಸಿ ಫೈನಲ್ಸ್ (ಅಂತಿಮ ಸರಣಿಯ) ಎಂವಿಪಿಯಾದ ರಿಕ್ ಬ್ಯಾರಿ ಅವರ ದೂರದ ಎಸೆತಗಳೆಲ್ಲ ವಾರಿಯರ್ಸ್‌ನ ಪುಸ್ತಕದಲ್ಲಿ ಎರಡೆರಡು ಅಂಕಗಳೇ.

ಮೂರು ಎರಡಕ್ಕಿಂತ ಎಷ್ಟು ದೊಡ್ಡದು?

ಗೆರೆ ಬಂದ ಮೇಲೂ ಬಹುಕಾಲ ತರಬೇತುದಾರರು ಅದನ್ನು ಅಷ್ಟಾಗಿ ನೆಚ್ಚಲಿಲ್ಲ. ದೂರದಿಂದ ಎಸೆದರೆ ತಪ್ಪುವುದೇ ಹೆಚ್ಚು ಎಂಬ ಲೆಕ್ಕಾಚಾರ. ಸರಳ ಗಣಿತ ಬೇರೆ ಹೇಳುತ್ತದೆ. ಹತ್ತಿರದಿಂದ ಹತ್ತು ಸಲ ಎಸೆದು ಐದು ಹಾಕಿದವನಿಗೆ 10 ಅಂಕ. ದೂರದಿಂದ ಹತ್ತು ಸಲ ಎಸೆದು ನಾಲ್ಕೇ ಹಾಕಿದವನಿಗೆ 12. ಗುರಿಯ ಪ್ರಮಾಣ ನೋಡಿದರೆ ಮೊದಲನೆಯವನು ಮೇಲು, ಅಂಕ ನೋಡಿದರೆ ಎರಡನೆಯವನು.

ಈ ವ್ಯತ್ಯಾಸ ಸರಿಪಡಿಸಲು ‘ಎಫೆಕ್ಟಿವ್ ಫೀಲ್ಡ್ ಗೋಲ್’ ಎಂಬ ಅಳತೆ ಇದೆ. ಅದರಲ್ಲಿ ಪ್ರತಿ ಮೂರಂಕದ ಬುಟ್ಟಿಯನ್ನು ಒಂದೂವರೆ ಬುಟ್ಟಿ ಎಂದು ಎಣಿಸುತ್ತಾರೆ. ಮೇಲಿನ ಇಬ್ಬರಲ್ಲಿ ಮೊದಲನೆಯವನದು ಶೇ 50, ಎರಡನೆಯವನದು ಶೇ 60.

2015–16ರಲ್ಲಿ ಕರ್ರಿ ಮಾಡಿದ್ದು ಈ ಗಣಿತದ ತುತ್ತತುದಿ. 79 ಪಂದ್ಯಗಳಲ್ಲಿ ದೂರದಿಂದ 886 ಬಾರಿ ಎಸೆದು 402 ಹಾಕಿದರು, ಶೇ 45.4. ಅದಕ್ಕೂ ಹಿಂದಿನ ದಾಖಲೆ 286, ಅದೂ ಅವರದೇ, ಹಿಂದಿನ ವರ್ಷದ್ದು. ಒಂದು ದಾಖಲೆಯನ್ನು ಮುರಿಯುವಾಗ ನಾಲ್ಕೈದು ಹೆಚ್ಚಾಗುವುದು ವಾಡಿಕೆ. ಇಲ್ಲಿ ಒಮ್ಮೆಗೇ 116 ಹೆಚ್ಚಾಯಿತು. ಅವರ ಎಫೆಕ್ಟಿವ್ ಪ್ರಮಾಣ ಶೇ 63. ಸರಾಸರಿ 30.1 ಅಂಕದೊಂದಿಗೆ ಲೀಗ್‌ನ ಮೊದಲಿಗರೂ ಅವರೇ. ಚೇಂಬರ್ಲೇನ್ ಪೂರಾ ಪಂದ್ಯ ಆಡಿ 50 ತೆಗೆದರೆ, ಕರ್ರಿ ಪಂದ್ಯಕ್ಕೆ ಸುಮಾರು 34 ನಿಮಿಷ ಮಾತ್ರ ಆಡುತ್ತಿದ್ದರು. ಎದುರಾಳಿಗಳನ್ನು ಮೂರು ಕ್ವಾರ್ಟರ್‌ಗಳಲ್ಲೇ ಮುಗಿಸಿ ಕೊನೆಯ ಕ್ವಾರ್ಟರ್‌ನಲ್ಲಿ ಬೆಂಚಿನ ಮೇಲೆ ಕೂತ ರಾತ್ರಿಗಳು ಆ ವರ್ಷ ಎಷ್ಟೋ.

ಅವರ ಜೊತೆಗಾರ ಕ್ಲೇ ಥಾಂಪ್ಸನ್ 2015ರ ಜನವರಿ 23ರಂದು ಸ್ಯಾಕ್ರಮೆಂಟೊ ವಿರುದ್ಧ ಒಂದೇ ಕ್ವಾರ್ಟರ್‌ನಲ್ಲಿ 37 ಅಂಕ ಗಳಿಸಿದರು: 13 ಸಲ ಎಸೆದು ಹದಿಮೂರೂ ಒಳಗೆ, ಅದರಲ್ಲಿ ಒಂಬತ್ತು ಮೂರಂಕದವು, ಜೊತೆಗೆ ಎರಡು ಫ್ರೀ ಥ್ರೋ. 2016ರ ಡಿಸೆಂಬರ್‌ನಲ್ಲಿ ಇಂಡಿಯಾನಾ ವಿರುದ್ಧ 29 ನಿಮಿಷಗಳಲ್ಲಿ 60 ಅಂಕ. ಆ 60 ಅಂಕಗಳಿಗಾಗಿ ಅವರು ಚೆಂಡನ್ನು ನೆಲಕ್ಕೆ ಪುಟಿಸಿದ್ದು ಹನ್ನೊಂದೇ ಸಲ. ಇದನ್ನು ಕೂತು ಎಣಿಸಿದವರು ಯಾರು ಎಂದು ಕೇಳಬಹುದು. 2013–14ರಿಂದ ಎನ್‌ಬಿಎಯ ಎಲ್ಲ ಅಂಕಣಗಳ ಚಾವಣಿಯಲ್ಲೂ ಚೆಂಡು ಮತ್ತು ಆಟಗಾರರ ಪ್ರತಿ ಚಲನೆಯನ್ನು ಹಿಡಿಯುವ ಕ್ಯಾಮೆರಾಗಳಿವೆ. ಹರ್ಷಿಯಲ್ಲಿ 100 ಅಂಕಗಳಿಗೂ ಚಲನಚಿತ್ರ ಇರಲಿಲ್ಲ. ಈಗ ಚೆಂಡು ಎಷ್ಟು ಸಲ ನೆಲ ಮುಟ್ಟಿತು ಎಂಬುದಕ್ಕೂ ಲೆಕ್ಕವಿದೆ.

ಶೇಕಡಾವಾರು ಪಟ್ಟಿಗಳಿಗೆ ಕನಿಷ್ಠ ಮಿತಿ ಇರುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು. ಒಂದೇ ಸಲ ಎಸೆದು ಅದನ್ನು ಬುಟ್ಟಿಗೆ ಹಾಕಿದವನ ಪ್ರಮಾಣ ನೂರಕ್ಕೆ ನೂರು. ಅವನು ಪಟ್ಟಿಯ ತುದಿಗೆ ಬರಬಾರದೆಂದು, ಮೂರಂಕದ ಪಟ್ಟಿಗೆ ಸೇರಲು ಸೀಸನ್‌ನಲ್ಲಿ ಕನಿಷ್ಠ 82, ಫ್ರೀ ಥ್ರೋ ಪಟ್ಟಿಗೆ 125 ಬುಟ್ಟಿಗಳಾದರೂ ಬಿದ್ದಿರಬೇಕು ಎಂಬ ನಿಯಮವಿದೆ.

ಗೌರವಗಳಿಗೆ ಮತ ಹಾಕುವವರು ಯಾರು?

1980–81ರಿಂದ ಎಂವಿಪಿ ಮತ ಪತ್ರಕರ್ತರು ಮತ್ತು ಪ್ರಸಾರಕರ ಕೈಗೆ ಬಂತು. ಪ್ರತಿಯೊಬ್ಬರೂ ಐವರ ಹೆಸರನ್ನು ಕ್ರಮವಾಗಿ ಬರೆಯುತ್ತಾರೆ. ಮೊದಲ ಹೆಸರಿಗೆ 10, ನಂತರದವರಿಗೆ 7, 5, 3, 1 ಪಾಯಿಂಟ್. ಕೂಡಿಸಿದಾಗ ಹೆಚ್ಚು ಬಂದವರಿಗೆ ಪ್ರಶಸ್ತಿ. ಮತಪತ್ರ ಪ್ಲೇಆಫ್‌ಗಿಂತ ಮೊದಲೇ ಸಲ್ಲಿಕೆಯಾಗುವುದರಿಂದ ಇದು ಪೂರ್ತಿ ಲೀಗ್ ಹಂತದ ಗೌರವ.

2016ರಲ್ಲಿ ಇದ್ದ 131 ಮತಪತ್ರಗಳಲ್ಲಿ 131ರಲ್ಲೂ ಮೊದಲ ಹೆಸರು ಕರ್ರಿಯದು. ಎಂವಿಪಿ ಸರ್ವಾನುಮತದಿಂದ ಬಂದದ್ದು ಅದೇ ಮೊದಲ ಬಾರಿ. 2000ದಲ್ಲಿ ಶಕೀಲ್ ಓನೀಲ್, 2013ರಲ್ಲಿ ಲೆಬ್ರಾನ್ ಜೇಮ್ಸ್ ಇಬ್ಬರಿಗೂ 121ರಲ್ಲಿ ಒಂದೊಂದೇ ಮತ ತಪ್ಪಿತ್ತು.

ಫೈನಲ್ಸ್ ಎಂವಿಪಿ ಬೇರೆಯೇ ಪ್ರಶಸ್ತಿ. ಅಂತಿಮ ಸರಣಿಯೊಂದನ್ನೇ ನೋಡಿ, ಅಲ್ಲಿರುವ ಹನ್ನೊಂದು ಮಂದಿ ಮಾಧ್ಯಮದವರು ಕೊನೆಯ ಪಂದ್ಯದ ಹೊತ್ತಿಗೇ ಮತ ಹಾಕುತ್ತಾರೆ. 2015ರ ಫಲಿತಾಂಶ ನೋಡಿ. ಕ್ಲೀವ್‌ಲ್ಯಾಂಡ್ ಎದುರಿನ ಸರಣಿಯಲ್ಲಿ ವಾರಿಯರ್ಸ್ 1–2ರಿಂದ ಹಿಂದಿತ್ತು. ನಾಲ್ಕನೇ ಪಂದ್ಯಕ್ಕೆ ತರಬೇತುದಾರ ಸ್ಟೀವ್ ಕರ್, ಆ ಸೀಸನ್‌ನ ಲೀಗ್ ಹಂತದಲ್ಲಿ ಒಮ್ಮೆಯೂ ಆರಂಭದ ಐವರಲ್ಲಿ ಇರದಿದ್ದ ಆಂಡ್ರೆ ಇಗ್ವಾಡಾಲಾರನ್ನು ಮೊದಲಿಂದಲೇ ಆಡಿಸಿದರು. ಅವರ ಮುಖ್ಯ ಕೆಲಸ ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್‌ಗೆ ಅಂಟಿಕೊಂಡು ತಡೆಯುವುದು. ವಾರಿಯರ್ಸ್ ಮುಂದಿನ ಮೂರೂ ಪಂದ್ಯ ಗೆದ್ದಿತು. ಸರಣಿಯಲ್ಲಿ ಲೆಬ್ರಾನ್ ಸರಾಸರಿ 35.8 ಅಂಕ, ಇಗ್ವಾಡಾಲಾ 16.3. ಮತ ಮಾತ್ರ ಇಗ್ವಾಡಾಲಾಗೆ 7, ಲೆಬ್ರಾನ್‌ಗೆ 4. ಆ ವರ್ಷದ ಲೀಗ್ ಎಂವಿಪಿ ಕರ್ರಿಗೆ ಒಂದೂ ಇಲ್ಲ. ಆ ಪ್ರಶಸ್ತಿಗಾಗಿ ಅವರು 2022ರವರೆಗೆ ಕಾದರು. ನಡುವೆ 2017, 2018ರಲ್ಲಿ ಅದು ಕೆವಿನ್ ಡುರಾಂಟ್ ಪಾಲಾಗಿತ್ತು.

ಉಳಿದವು ಚುಟುಕಾಗಿ. ಆಲ್ ಎನ್‌ಬಿಎ ಎಂದರೆ ವರ್ಷದ ಅತ್ಯುತ್ತಮ ಹದಿನೈದು ಮಂದಿ, ಐವರಂತೆ ಮೂರು ತಂಡ, ಮಾಧ್ಯಮದ ಮತ. ಆಲ್ ಸ್ಟಾರ್ ಸೀಸನ್ನಿನ ನಡುವಿನ ಪ್ರದರ್ಶನ ಪಂದ್ಯ. ಅದರ ಆರಂಭಿಕರ ಆಯ್ಕೆಯಲ್ಲಿ 2017ರಿಂದ ಅರ್ಧ ತೂಕ ಅಭಿಮಾನಿಗಳ ಮತಕ್ಕೆ, ಉಳಿದರ್ಧ ಆಟಗಾರರು ಮತ್ತು ಮಾಧ್ಯಮದ್ದು. ಬದಲಿ ಆಟಗಾರರನ್ನು ತರಬೇತುದಾರರು ಆರಿಸುತ್ತಾರೆ. ಜನಪ್ರಿಯತೆಗೂ ಪಾಲಿರುವ ಗೌರವ ಇದು, ಆಲ್ ಎನ್‌ಬಿಎ ಜೊತೆ ಸಮ ತೂಗಬಾರದು. ಹೊಸ ಆಟಗಾರ ಪ್ರಶಸ್ತಿಯ ಟ್ರೋಫಿಗೆ 2022ರಿಂದ ವಿಲ್ಟ್ ಚೇಂಬರ್ಲೇನ್ ಹೆಸರು. 1960ರಲ್ಲಿ ಅವರು ಆಡಿದ ಮೊದಲ ಸೀಸನ್‌ನಲ್ಲೇ ಆ ಪ್ರಶಸ್ತಿಯ ಜೊತೆ ಎಂವಿಪಿಯನ್ನೂ ಗೆದ್ದಿದ್ದರು.

2023–24ರಿಂದ ಹೊಸ ಷರತ್ತೊಂದು ಬಂದಿದೆ. ಎಂವಿಪಿ, ಆಲ್ ಎನ್‌ಬಿಎಯಂಥ ಗೌರವಗಳಿಗೆ ಅರ್ಹರಾಗಲು 82ರಲ್ಲಿ ಸಾಮಾನ್ಯವಾಗಿ 65 ಪಂದ್ಯಗಳಾದರೂ ಆಡಿರಬೇಕು. ದೊಡ್ಡ ಆಟಗಾರರಿಗೆ ತಂಡಗಳು ಆಗಾಗ ವಿಶ್ರಾಂತಿ ಕೊಡುವುದನ್ನು ತಡೆಯಲು ತಂದ ನಿಯಮ. ಹಣದ ವಿಷಯವೂ ಇದರಲ್ಲಿದೆ: ಕೆಲವು ಗೌರವಗಳು ಬಂದರೆ ಆಟಗಾರ ಕೇಳಬಹುದಾದ ಗರಿಷ್ಠ ಸಂಬಳದ ಮಿತಿಯೇ ಏರುತ್ತದೆ. ಹಾಗಾಗಿ ಗಾಯಗೊಂಡು ಕೂತು ಅರ್ಹತೆ ತಪ್ಪಿದವನಿಗೆ ಹೋಗುವುದು ಟ್ರೋಫಿ ಮಾತ್ರವಲ್ಲ.

73 ಗೆಲುವು, ಕಪ್ ಇಲ್ಲ

ತಂಡವಾಗಿ ವಾರಿಯರ್ಸ್‌ನ ಅತಿ ದೊಡ್ಡ ದಾಖಲೆ 2015–16ರ ಲೀಗ್ ಹಂತದ್ದು: 73 ಗೆಲುವು, 9 ಸೋಲು. ಮೈಕಲ್ ಜೋರ್ಡನ್ ಇದ್ದ ಶಿಕಾಗೋ ಬುಲ್ಸ್ 1995–96ರಲ್ಲಿ ಮಾಡಿದ್ದ 72–10 ಇಪ್ಪತ್ತು ವರ್ಷ ನಿಂತಿತ್ತು. ಸೀಸನ್ ಶುರುವಾದಾಗ ಮೊದಲ 24 ಪಂದ್ಯಗಳನ್ನೂ ಗೆದ್ದರು. ಕರ್ರಿ ಎಂವಿಪಿ, ಕರ್ ವರ್ಷದ ತರಬೇತುದಾರ, ಆಲ್ ಎನ್‌ಬಿಎಯ ಮೂರು ತಂಡಗಳಲ್ಲಿ ಕ್ರಮವಾಗಿ ಕರ್ರಿ, ಗ್ರೀನ್, ಥಾಂಪ್ಸನ್.

ಫೈನಲ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ 3–1ರ ಮುನ್ನಡೆ ಪಡೆದು, ಕೊನೆಯ ಮೂರು ಪಂದ್ಯ ಸೋತು ಪ್ರಶಸ್ತಿ ಕಳೆದುಕೊಂಡರು. ಲೀಗ್ ಹಂತದ ಪುಸ್ತಕ, ಪ್ಲೇಆಫ್ ಪುಸ್ತಕ ಬೇರೆ ಎಂದು ಮೇಲೆ ಹೇಳಿದ್ದು ಇಲ್ಲಿ ಕಠಿಣವಾಗಿ ಎದುರಿಗೆ ಬರುತ್ತದೆ. ಮರುವರ್ಷ ಡುರಾಂಟ್ ಸೇರಿಕೊಂಡ ಮೇಲೆ ಲೀಗ್ ಹಂತದಲ್ಲಿ 67 ಗೆಲುವು, ಅಂದರೆ ಆರು ಕಡಿಮೆ. ಪ್ಲೇಆಫ್‌ನಲ್ಲಿ ಮಾತ್ರ 17 ಪಂದ್ಯಗಳಲ್ಲಿ 16 ಗೆಲುವು, ಒಂದೇ ಸೋಲು, ಕಪ್. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ತೂಕದ ದಾಖಲೆ, ಏಕೆಂದರೆ ಅಲ್ಲಿ ಎದುರಿದ್ದವರೆಲ್ಲ ಸೋಸಿ ಉಳಿದ ತಂಡಗಳು. ಆದರೆ 73ನ್ನು ನೆನೆಯುವವರೇ ಹೆಚ್ಚು.

ತಂಡವೇ ಕೊಡುವ ಗೌರವ

ಮೇಲಿನ ಯಾವ ಪಟ್ಟಿಗೂ ಸಿಗದ ಒಂದು ಗೌರವ ಉಳಿದಿದೆ. ಆಟಗಾರನ ಅಂಗಿಯ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದೆ, ಅದನ್ನು ಅಂಕಣದ ಮೇಲೆ ತೂಗುಹಾಕುವುದು. ಇದಕ್ಕೆ ಲೀಗ್‌ನ ಮತವಿಲ್ಲ, ಕನಿಷ್ಠ ಪಂದ್ಯಗಳ ಷರತ್ತಿಲ್ಲ, ತಂಡದ ತೀರ್ಮಾನವೇ ಕೊನೆಯದು. ವಾರಿಯರ್ಸ್‌ನಲ್ಲಿ ಚೇಂಬರ್ಲೇನ್‌ರ 13, ಬ್ಯಾರಿಯವರ 24, ಥರ್ಮಂಡ್‌ರ 42, ಕ್ರಿಸ್ ಮಲಿನ್‌ರ 17, ಟಾಮ್ ಮೆಶೆರಿಯವರ 14 ಇವೆ. 2025ರ ಫೆಬ್ರವರಿಯಲ್ಲಿ ಇಗ್ವಾಡಾಲಾರ 9 ಸೇರಿತು.

ಇವುಗಳ ನಡುವೆ ಅಲ್ ಆಟಲ್ಸ್ ಅವರ 16 ಕೂಡ ಇದೆ. ಆಟಗಾರನಾಗಿ ಅವರ ಸರಾಸರಿ ಪಂದ್ಯಕ್ಕೆ 8.9 ಅಂಕ, ಎಂವಿಪಿಯಾಗಲಿ ಆಲ್ ಸ್ಟಾರ್ ಆಗಲಿ ಆದವರಲ್ಲ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ತಂಡ ಸೇರಿ, ಅದರೊಂದಿಗೇ ಪಶ್ಚಿಮಕ್ಕೆ ಬಂದು, ತರಬೇತುದಾರನಾಗಿ 1975ರ ಕಪ್ ಗೆಲ್ಲಿಸಿ, ಬಳಿಕ ಆಡಳಿತದಲ್ಲಿ, ರಾಯಭಾರಿಯಾಗಿ 2024ರಲ್ಲಿ ತೀರಿಕೊಳ್ಳುವವರೆಗೆ ಆರು ದಶಕಗಳಿಗೂ ಹೆಚ್ಚು ಕಾಲ ವಾರಿಯರ್ಸ್‌ನಲ್ಲೇ ಇದ್ದರು. ಚೇಂಬರ್ಲೇನ್ 100 ಅಂಕ ಗಳಿಸಿದ ಆ ಪಂದ್ಯದ ಸ್ಕೋರ್‌ಶೀಟ್‌ನಲ್ಲಿ ಅವರ ಸಾಲೂ ಇದೆ: ಎಸೆದದ್ದು ಎಂಟು, ಬುಟ್ಟಿಗೆ ಬಿದ್ದದ್ದು ಎಂಟು, ಒಂದು ಫ್ರೀ ಥ್ರೋ ಸೇರಿ 17 ಅಂಕ.